ಮರದ ಕೆಳಗಿನ ಸೈಕಲ್ಲು

ಕದ್ದ ಸೈಕಲ್ಲನ್ನು ಸಂಜೆ ವಾಪಸ್ ತಂದು, ತೆಗೆದುಕೊಂಡು ಹೋಗಿದ್ದ ಮರದ ಕೆಳಗೇ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಟವೆಲ್ಲಿನಿಂದ ಸೀಟಿನ ಧೂಳು ಒರೆಸಿ, ಪಕ್ಕದಲ್ಲಿ ನಿಂತಿದ್ದ ಪೊಲೀಸಿನವರಿಗೆ ‘ನಮಸ್ಕಾರ ಸಾರ್’ ಅಂದು ಬಸ್ಸಿನ ಕಡೆ ಹೊರಟ ಕಳ್ಳನನ್ನು ನೀವು ಯಾವತ್ತಾದರೂ ಕಂಡಿದ್ದೀರಾ?

ನಾನು ಕಂಡಿದ್ದೇನೆ. ತಿಂಗಳುಗಟ್ಟಲೆ ಅವನಿಗೆ ಊಟ ಬಡಿಸಿದ್ದೇನೆ. ಅವನು ನನ್ನ ಸ್ವಂತ ಅಣ್ಣನ ಮಗ. ಹೆಸರು ಲೋಕೇಶ, ವಯಸ್ಸು ಹದಿನೇಳು.

ಈ ಅಂಕಣದಲ್ಲಿ ನಲ್ಲಿ ನೀರು, ಸೀಮೆಎಣ್ಣೆ ಕ್ಯೂ, ನಮ್ಮ ಯಜಮಾನರ ಗೊರಕೆ ಇವನ್ನೆಲ್ಲ ಓದಿ ಅಭ್ಯಾಸವಾದ ನಿಮಗೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂದರೆ ಗಾಬರಿಯಾಗಬಹುದು. ಬೇಡ. ಈಗ ನಾನು ನಗುತ್ತಲೇ ಬರೆಯುತ್ತಿದ್ದೇನೆ. ಆಗಲೇ ಬರೆಯಲು ಕೂತಿದ್ದರೆ ಕಾಗದವೆಲ್ಲ ಒದ್ದೆಯಾಗುತ್ತಿತ್ತು.

ಆವತ್ತು ಸಂಜೆ ನಾನು ಡ್ಯೂಟಿಯಲ್ಲಿದ್ದೆ. (ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿರುವವಳಿಗೆ ಒಂದು ಅನುಕೂಲ ಇದೆ. ಕೆಟ್ಟ ಸುದ್ದಿ ಎಲ್ಲರಿಗಿಂತ ಮೊದಲು ಸಿಗುತ್ತದೆ.) ಗುಬ್ಬಿಯ ಆಪರೇಟರ್ ಲೈನಿಗೆ ಬಂದು, ಇದು ನಿನಗೇ ಕಣೇ ಸರೋಜಾ ಅಂದಳು. ಆ ಕಡೆಯಿಂದ ನಮ್ಮ ಅಣ್ಣ ನಂಜಪ್ಪ. ಜನ್ಮದಲ್ಲಿ ಮೊದಲ ಸಲ ಫೋನು ಹಿಡಿದಿದ್ದ. ಆಚೆ ತೋಟದವರನ್ನು ಕೂಗುವ ಹಾಗೆ ಕೂಗುತ್ತಿದ್ದ.

‘ಲೋಕೇಶನ್ನ ಸ್ಟೇಷನ್ನಿಗೆ ಹಿಡ್ಕಂಡೋಗವ್ರೆ ಕಣಮ್ಮ. ಸೈಕಲ್ ಕದ್ದ ಅಂತವ್ರೆ.’

ಕೈಯಲ್ಲಿದ್ದ ಪ್ಲಗ್ಗನ್ನು ಆಮೇಲೆ ಎಲ್ಲಿ ಚುಚ್ಚಿದೆನೋ ನನಗೆ ನೆನಪಿಲ್ಲ. ಆವತ್ತು ತಿಪಟೂರು ಕೇಳಿದವರಿಗೆ ಕುಣಿಗಲ್ ಸಿಕ್ಕಿದ್ದರೆ ದಯವಿಟ್ಟು ಕ್ಷಮಿಸಿ.

ನಡೆದದ್ದು ಏನು ಅಂತ ಅರ್ಥವಾಗಬೇಕಾದರೆ ನಮ್ಮೂರ ಗೇಟಿನ ವಿಷಯ ಮೊದಲು ಹೇಳಬೇಕು. ನಮ್ಮೂರು ಚೇಳೂರಿನಿಂದ ಆಚೆ. ಬಸ್ಸು ಊರೊಳಗೆ ಬರುವುದಿಲ್ಲ. ಟಾರ್ ರೋಡಿನಲ್ಲಿ ನಿಲ್ಲುತ್ತದೆ. ಆ ಜಾಗಕ್ಕೆ ಗೇಟು ಅನ್ನುತ್ತೇವೆ. (ಗೇಟು ಹುಡುಕಬೇಡಿ. ಅಲ್ಲಿ ಇರುವುದು ಒಂದು ಹೊಂಗೆ ಮರ ಮಾತ್ರ.) ಅಲ್ಲಿಂದ ಊರಿಗೆ ಎರಡು ಮೈಲಿ ಮಣ್ಣು ರಸ್ತೆ. ಬಸ್ಸಿಗೆ ಹೋಗುವವರು ಊರಿಂದ ಸೈಕಲ್ ತುಳಿದುಕೊಂಡು ಬಂದು, ಮರದ ಕೆಳಗೆ ನಿಲ್ಲಿಸಿ ಬಸ್ ಹತ್ತುತ್ತಾರೆ. ಬಸ್ಸಿನಿಂದ ಇಳಿದವರು ಅಲ್ಲಿರುವ ಯಾವುದೋ ಒಂದನ್ನು ತೆಗೆದುಕೊಂಡು ಊರಿಗೆ ಹೋಗುತ್ತಾರೆ. ಯಾರ ಸೈಕಲ್ಲು ಯಾರ ಕೈಯಲ್ಲಿದೆ ಅಂತ ಯಾರೂ ನೋಡುವುದಿಲ್ಲ. ಬೀಗ ಹಾಕುವ ಪದ್ಧತಿಯೇ ಇಲ್ಲ. ಇರುವುದು ಒಂದೇ ಕಟ್ಟಳೆ. ಯಾರ ಕೈಯಲ್ಲಿ ಪಂಚರ್ ಆಯಿತೋ ಅವರೇ ಹಾಕಿಸಬೇಕು. ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಇದು ಹೀಗೇ ನಡೆದುಕೊಂಡು ಬಂದಿದೆ.

ಈ ಊರಿನಲ್ಲಿ ಬೆಳೆದ ಹುಡುಗ ಗುಬ್ಬಿಯಲ್ಲಿ ಪಿಯುಸಿಗೆ ಸೇರಿದ. ಮೊದಲ ದಿನವೇ ಬಸ್ಸು ಲೇಟು. ಕಾಲೇಜು ದೂರ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮರ, ಮರದ ಕೆಳಗೆ ಸಾಲಾಗಿ ಸೈಕಲ್ಲುಗಳು, ಅದರಲ್ಲಿ ಒಂದಕ್ಕೆ ಬೀಗ ಇಲ್ಲ. ಅವನು ಏನು ಮಾಡಿರಬಹುದು ಹೇಳಿ?

ತೆಗೆದುಕೊಂಡು ಹೋದ. ಕಾಲೇಜಿನ ಗೋಡೆಗೆ ಒರಗಿಸಿ ಪಾಠ ಕೇಳಿದ. ಸಂಜೆ ತಂದು ಅದೇ ಜಾಗಕ್ಕೆ ಇಟ್ಟ. ಅಲ್ಲಿ ಸೈಕಲ್ಲಿನ ಮಾಲೀಕರೂ ಒಬ್ಬ ಪೊಲೀಸಿನವರೂ ಕಾಯುತ್ತಿದ್ದರು.

ನೀವು ನಗುತ್ತಿದ್ದೀರಿ. ಅಷ್ಟು ದೊಡ್ಡ ಹುಡುಗನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಅನ್ನುತ್ತಿದ್ದೀರಿ. ಸ್ಟೇಷನ್ನಿನಲ್ಲೂ ಎಲ್ಲರೂ ಅದನ್ನೇ ಅಂದರು. ನಾನು ಮತ್ತು ಯಜಮಾನರು ಸಿಕ್ಕಿದ ಬಸ್ ಹತ್ತಿ ಅಲ್ಲಿಗೆ ಹೋಗುವ ಹೊತ್ತಿಗೆ ಲೋಕೇಶ ಬೆಂಚಿನ ತುದಿಯಲ್ಲಿ ಹೊಸ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಗೆ ಭಯಕ್ಕಿಂತ ಆಶ್ಚರ್ಯವೇ ಜಾಸ್ತಿ ಆಗಿತ್ತು.

‘ವಾಪಸ್ ತಂದು ಮಡಗಿದೆ ಅತ್ತೆ. ಆದ್ರೂ ಯಾಕ್ ಹಿಂಗಂತವ್ರೆ?’

ಅವನನ್ನು ಯಾರೂ ಹೊಡೆದಿರಲಿಲ್ಲ, ಕಾಫಿಯನ್ನೂ ಕೊಡಿಸಿದ್ದರು. ಅನಾಹುತ ಮಾಡಿದ್ದು ಪೊಲೀಸರಲ್ಲ, ನಮ್ಮಣ್ಣ. ಅವನಿಗೆ ಗೊತ್ತಿದ್ದದ್ದು ಊರ ಪಂಚಾಯ್ತಿ ಒಂದೇ. ನಮ್ಮೂರಲ್ಲಿ ಜಗಳವಾದರೆ ತಪ್ಪು ಯಾರದಾದರೂ ಸರಿ, ಚಿಕ್ಕವನು ಅಡ್ಡಬಿದ್ದು ‘ತಪ್ಪಾಯ್ತು’ ಅನ್ನುತ್ತಾನೆ. ಹಿರಿಯರು ‘ಏಳ್ಲಾ ಮೇಲಕ್ಕೆ’ ಅನ್ನುತ್ತಾರೆ. ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಅಣ್ಣ ಅದನ್ನೇ ಇಲ್ಲೂ ಮಾಡಿಸಿದ್ದ. ಸಬ್ ಇನ್ಸ್‌ಪೆಕ್ಟರ್ ಕಾಲಿಗೆ, ಕೇಸು ಬರೆಯುತ್ತಿದ್ದವರ ಕಾಲಿಗೆ, ಸೈಕಲ್ ಮಾಲೀಕರ ಕಾಲಿಗೆ, ಕೊನೆಗೆ ಎಮ್ಮೆ ಕಳೆದುಹೋಗಿದೆ ಅಂತ ದೂರು ಕೊಡಲು ಬಂದಿದ್ದ ಯಾರೋ ಪುಣ್ಯಾತ್ಮನ ಕಾಲಿಗೂ ಮಗನನ್ನು ಕೆಡವಿದ್ದ. ಎಲ್ಲರ ಮುಂದೆಯೂ ತಪ್ಪಾಯ್ತು ಅನ್ನಿಸಿದ್ದ.

ಏಳು ಅಂತ ಯಾರೂ ಅನ್ನಲಿಲ್ಲ. ಹುಡುಗ ತಪ್ಪು ಒಪ್ಪಿಕೊಂಡ ಅಂತ ಎಲ್ಲರೂ ತಿಳಿದುಕೊಂಡರು.

ಮಾರನೆಯ ದಿನ ಅಣ್ಣನ ಪಹಣಿ ತೋರಿಸಿ ಬೇಲ್ ಸಿಕ್ಕಿತು. ನಮ್ಮ ವಕೀಲರು ಕುಣಿಗಲ್ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಹೆಸರು ಶ್ರೀನಿವಾಸ. ಕೋರ್ಟಿನ ಕಾಂಪೌಂಡಿನಲ್ಲಿ ಅಣ್ಣ ಅವರ ಕಾಲಿಗೂ ಬಗ್ಗಿದಾಗ ಅವರು ಎರಡು ಹೆಜ್ಜೆ ಹಿಂದೆ ಹಾರಿ, ದಯವಿಟ್ಟು ಇನ್ನು ಮುಂದೆ ನಿಮ್ಮ ಮನೆಯವರು ಯಾರೂ ಯಾರ ಕಾಲಿಗೂ ಬೀಳಬೇಡಿ ಅಂದರು. ಜಡ್ಜು ಕೇಳಿದಾಗ ಹುಡುಗ ತಪ್ಪಾಯ್ತು ಅಂದನೋ, ಕಳ್ಳ ಅಂತ ತೀರ್ಮಾನವಾಗುತ್ತದೆ. ಶಿಕ್ಷೆ ಸಣ್ಣದಿರಬಹುದು, ಹೆಸರು ಮಾತ್ರ ಹೋಗುವುದಿಲ್ಲ. ಮೇಷ್ಟ್ರಾಗುವ ಆಸೆ ಬಿಟ್ಟುಬಿಡಬೇಕಾದೀತು ಅಂದರು.

ಲೋಕೇಶನಿಗೆ ಮೇಷ್ಟ್ರಾಗಬೇಕು. ಮೂರನೇ ಕ್ಲಾಸಿನಿಂದ ಅವನದು ಅದೊಂದೇ ಹಟ.

‘ತಪ್ಪಾಯ್ತು ಅಂದ್ಮೇಲೂ ಕೇಸಾ? ಇದ್ಯಾವ ಸೀಮೆ ನ್ಯಾಯ ಸರೋಜಾ?’ ಅಂದ ಅಣ್ಣ.

ಹುಡುಗನನ್ನು ತುಮಕೂರಿಗೆ ನಮ್ಮ ಮನೆಗೇ ಕರೆತಂದೆ. ಕರೆತಂದ ಮೇಲೆ ಗೊತ್ತಾಯಿತು ನೋಡಿ, ಕೇಸು ನಡೆಯುವುದು ಕೋರ್ಟಿನಲ್ಲಿ ಅಲ್ಲ, ನಮ್ಮ ಹಾಲ್‌ನಲ್ಲಿ. ಬಂದ ಸಂಬಂಧಿಕರೆಲ್ಲ ಧ್ವನಿ ತಗ್ಗಿಸಿ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ನಿಜವಾಗಲೂ ಅವನೇ ಮಾಡಿದ್ದಾ? ಅವನು ಅಲ್ಲೇ ಬಾಗಿಲ ಹತ್ತಿರ ಕೂತಿರುತ್ತಿದ್ದ. ಅವನನ್ನು ಯಾರೂ ಕೇಳುತ್ತಿರಲಿಲ್ಲ. ಕೆಲವರು ಬುದ್ಧಿ ಹೇಳಿದರು. ಒಬ್ಬರು ಅವನೆದುರಿಗೇ ಶಿವಾ ಅಂತ ನಿಟ್ಟುಸಿರು ಬಿಟ್ಟು, ತಮ್ಮ ಪರ್ಸು ಎಲ್ಲಿದೆ ಅಂತ ಮುಟ್ಟಿ ನೋಡಿಕೊಂಡರು. (ಅವರಿಗೆ ಆವತ್ತು ನಾನು ಕೊಟ್ಟ ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಬೇಕಂತಲೇ.)

ನಾವೆಲ್ಲ ಯಾಕೆ ಹೀಗೆ? ಮನೆಯ ಮಗುವಿಗೆ ಜ್ವರ ಬಂದರೆ ಯಾರೂ ಮೊದಲು ಬೈಯುವುದಿಲ್ಲ. ಕೇಸು ಬಂದರೆ ಮಾತ್ರ ಮೊದಲು ಬೈದು, ನಾವು ಅವನ ಕಡೆಯವರಲ್ಲ ಅಂತ ಬೀದಿಗೆಲ್ಲ ತೋರಿಸಿ, ಆಮೇಲೆ ಒಳಗೆ ಕರೆದು ಅನ್ನ ಹಾಕುತ್ತೇವೆ. ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಲೋಕೇಶ ಕಾಲೇಜಿಗೆ ಹೋಗಲ್ಲ ಅಂದುಬಿಟ್ಟ. ಎಲ್ಲರೂ ನೋಡ್ತಾರೆ ಅಂದ. ನಾನು ಮಾಡಿದ ಉಪದೇಶ ಒಂದೂ ನಾಟಲಿಲ್ಲ. ಕೆಲಸ ಮಾಡಿದ್ದು ನಮ್ಮ ಯಜಮಾನರು. ಒಂದು ಬೆಳಿಗ್ಗೆ ಶರ್ಟು ಹಾಕಿಕೊಂಡು, ಗುಬ್ಬಿಯಲ್ಲಿ ಸ್ವಲ್ಪ ಕೆಲಸವಿದೆ, ರೈಲಿನಲ್ಲಿ ಜೊತೆಗೆ ಬಾರೋ ಅಂದರು. ಮಾರನೆಯ ದಿನವೂ ಅವರಿಗೆ ಗುಬ್ಬಿಯಲ್ಲಿ ಕೆಲಸವಿತ್ತು. ಆ ವಾರವೆಲ್ಲ ಇತ್ತು. ಕಾಲೇಜಿನ ಬಾಗಿಲವರೆಗೆ ಹುಡುಗನ ಪಕ್ಕ ನಡೆದು, ಅಲ್ಲಿಂದ ವಾಪಸ್ ರೈಲು ಹತ್ತಿ ಆಫೀಸಿಗೆ ಲೇಟಾಗಿ ಹೋಗಿ ಬೈಸಿಕೊಳ್ಳುತ್ತಿದ್ದರಂತೆ. ನನಗೆ ಇದು ಗೊತ್ತಾದದ್ದು ಆಮೇಲೆ. ಗೊರಕೆಯ ಬಗ್ಗೆ ನಾನು ಬರೆದದ್ದನ್ನೆಲ್ಲ ಈ ಮೂಲಕ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ವಕೀಲರು ಒಂದು ದಾರಿ ಹೇಳಿದರು. ಇಷ್ಟು ಸಣ್ಣ ಮಾಲಿನ ಕೇಸಿನಲ್ಲಿ ಮಾಲೀಕರು ಒಪ್ಪಿ, ಜಡ್ಜು ಅನುಮತಿ ಕೊಟ್ಟರೆ ರಾಜಿ ಮಾಡಿಕೊಳ್ಳಬಹುದು. ಹುಡುಗನ ಹೆಸರು ಉಳಿಯುತ್ತದೆ. ಮಾಲೀಕರು ಒಪ್ಪಬೇಕು, ಅಷ್ಟೇ.

ಅಷ್ಟೇ ಅಂದರೆ ಅಷ್ಟೇ ಅಲ್ಲ. ಮಾಲೀಕರು ವೀರಭದ್ರಯ್ಯ. ಗುಬ್ಬಿಯಿಂದ ದಿನಾ ತುಮಕೂರಿಗೆ ಹೋಗಿ ಬರುವ ಗುಮಾಸ್ತರು. ಸ್ಕೂಟರ್ ಬುಕ್ ಮಾಡಿ ವರ್ಷಗಳಿಂದ ಕಾಯುತ್ತಿರುವವರು. ಅದು ಬರುವ ತನಕ ಸೈಕಲ್ಲನ್ನೇ ಸ್ಕೂಟರಿನ ಹಾಗೆ ನೋಡಿಕೊಂಡವರು. ಕನ್ನಡಿ, ಡೈನಮೊ, ಹೆಂಡತಿ ಕೈಯಾರೆ ಹೊಲಿದ ಸೀಟ್ ಕವರ್ರು. ಬೀಗ ಕೆಟ್ಟದ್ದು ಆವತ್ತೊಂದು ದಿನ. ಅದೇ ದಿನ ಅವರಿಗೆ ಜ್ವರ ಬಂದು ಮಧ್ಯಾಹ್ನವೇ ವಾಪಸ್ ಬಂದಿದ್ದಾರೆ. ಮರದ ಕೆಳಗೆ ಸೈಕಲ್ ಇಲ್ಲ. ಉರಿಬಿಸಿಲಿನಲ್ಲಿ ಮನೆಯ ತನಕ ನಡೆದಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ದೂರು ಕೊಡುತ್ತಿದ್ದೆ.

ಅವರ ಮನೆಗೆ ಹೋದೆ. ಅವರು ಕಾಫಿ ಕೊಟ್ಟರು, ರಾಜಿ ಕೊಡಲಿಲ್ಲ. ಇವತ್ತು ಸೈಕಲ್ಲು, ನಾಳೆ ಸ್ಕೂಟರ್ರು ಅಂದರು. ನಾನು ಹೊಂಗೆ ಮರದ ವಿಷಯ ಹೇಳಿದೆ.

‘ನೋಡಮ್ಮ, ಮರದ ಕೆಳಗಿರೋದೆಲ್ಲ ಊರೋರ್ದು ಅಂದ್ರೆ ನಂಬಕ್ಕೆ ನಾನೇನ್ ಕಿವಿ ಮೇಲೆ ಹೂ ಮಡಿಕೊಂಡಿದೀನಾ?’

ನನಗೆ ಸಿಟ್ಟು ಬಂತು. (ನನಗೆ ಸಿಟ್ಟು ಬಂದರೆ ಅದು ಸೀದಾ ಬಾಯಿಗೇ ಬರುತ್ತದೆ ಅನ್ನುವುದು ನಿಮಗೆ ಗೊತ್ತಿದೆ.) ಹಾಗಾದರೆ ನೀವೇ ಬಂದು ನೋಡಿ, ಸುಳ್ಳಾದರೆ ನಾನು ಇನ್ನು ನಿಮ್ಮ ಬಾಗಿಲು ತುಳಿಯುವುದಿಲ್ಲ ಅಂದೆ. ಒಳಗಿನಿಂದ ಅವರ ಹೆಂಡತಿ, ಭಾನುವಾರ ಮನೇಲಿ ಕೂತು ಏನು ಮಾಡುತ್ತೀರಿ, ಹೋಗಿ ಬನ್ನಿ ಅಂದರು. ಆ ತಾಯಿಗೆ ಒಳ್ಳೆಯದಾಗಲಿ.

ಭಾನುವಾರ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಣ್ಣ ಗೇಟಿನಲ್ಲಿ ಕಾಯುತ್ತಿದ್ದ. ವೀರಭದ್ರಯ್ಯನವರನ್ನು ಕಂಡದ್ದೇ ಅಡ್ಡಬೀಳಲು ಬಗ್ಗಿದ. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಮರದ ಕೆಳಗೆ ನಾಲ್ಕೈದು ಸೈಕಲ್ಲುಗಳಿದ್ದವು. ವೀರಭದ್ರಯ್ಯ ಒಂದೊಂದನ್ನೂ ಬಗ್ಗಿ ನೋಡಿದರು. ಬೀಗವಿರಲಿ, ಬೀಗ ಹಾಕುವ ಕೊಂಡಿಯೂ ಇರಲಿಲ್ಲ.

‘ಯಾವ್ದಾರಾ ತಗಳಿ ಸಾಮಿ, ಬಿಸ್ಲು ಜಾಸ್ತಿ ಅದೆ’ ಅಂದ ಅಣ್ಣ.

ಅವರು ಸುತ್ತ ನೋಡಿದರು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ನಡೆದೇ ಬರುತ್ತೇನೆ ಅಂತ ನಾಲ್ಕು ಹೆಜ್ಜೆ ಹೋದರು, ಬೆವರು ಒರೆಸಿಕೊಂಡು ವಾಪಸ್ ಬಂದರು, ಒಂದು ಹಳೆಯ ಸೈಕಲ್ಲು ತೆಗೆದುಕೊಂಡರು. ಅಣ್ಣ ಇನ್ನೊಂದು ತೆಗೆದುಕೊಂಡು ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ನಾವು ಹಿಂದೆ, ಅವರು ಮುಂದೆ.

ಅರ್ಧ ದಾರಿಯಲ್ಲಿ ರಾಗಿ ಹೊಲದಿಂದ ಒಬ್ಬ ಮುದುಕಪ್ಪ ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದ.

‘ಅದ್ರ ಬ್ರೇಕು ಹಿಡಿಯಲ್ಲ ಕಣಪ್ಪ. ಮುಂದೆ ಇಳಿಜಾರದೆ, ಕಾಲ್ ಕೊಟ್ಕಂಡು ಹೋಗು.’

ವೀರಭದ್ರಯ್ಯನವರು, ಇದು ನಿಮ್ಮದಾ ಅಂತ ಕೇಳಿದರು. ನಂದೇ ಅಂದ ಮುದುಕಪ್ಪ. ಇವರು ದಡಕ್ಕನೆ ಇಳಿದು, ಸೈಕಲ್ಲನ್ನು ಅವನ ಕಡೆ ತಿರುಗಿಸಿ, ತಗೊಳ್ಳಿ ತಗೊಳ್ಳಿ ಅಂದರು. ಮುಖ ಕೆಂಪಗಾಗಿತ್ತು. ಮುದುಕಪ್ಪನಿಗೆ ಇವರ ಅವಸ್ಥೆ ಅರ್ಥವೇ ಆಗಲಿಲ್ಲ. ‘ಹೋಗಪ್ಪ ನೀನು, ನಂಗಿನ್ನೂ ಇಲ್ಲಿ ಕೆಲಸ ಅದೆ’ ಅಂತ ಹೊಲಕ್ಕೆ ಬಗ್ಗಿದ. ನೀನು ಯಾರು, ಯಾವೂರು ಅಂತಲೂ ಕೇಳಲಿಲ್ಲ.

ವೀರಭದ್ರಯ್ಯ ಆಮೇಲೆ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಊರಿಗೆ ಬಂದರು. ನಮ್ಮತ್ತಿಗೆ ಅವರೆಕಾಳು ಸಾರು ಮಾಡಿ ಮುದ್ದೆ ಕಟ್ಟಿದ್ದಳು. ಚೆನ್ನಾಗಿ ಊಟ ಮಾಡಿದರು. ತೆಂಗಿನ ಮರಗಳ ವಿಷಯ ಮಾತಾಡಿದರು, ನಮ್ಮ ಎತ್ತುಗಳ ಹಲ್ಲು ನೋಡಿದರು. ಕೇಸಿನ ಸುದ್ದಿ ಮಾತ್ರ ಎತ್ತಲೇ ಇಲ್ಲ. ಬಸ್ ಹತ್ತುವಾಗಲೂ ಇಲ್ಲ. ಅತ್ತಿಗೆ ಕೊಟ್ಟ ಎಳನೀರು ಕುಡಿದು, ಬರ್ತೀನಿ ತಾಯಿ ಅಂದರು, ಅಷ್ಟೇ. ಈ ಮನುಷ್ಯನ ಹೊಟ್ಟೆಯೊಳಗೆ ಏನಿದೆಯೋ ಅಂತ ನಾನು ವಾರವಿಡೀ ಒದ್ದಾಡಿದೆ.

ಕೋರ್ಟಿನ ದಿನ ಬಂತು. ಹುಡುಗನಿಗೆ ಆಗಲೇ ಮೂರು ಪಾಠಗಳಾಗಿದ್ದವು. ಕೈ ಮುಗಿದು ತಪ್ಪಾಯ್ತು ಅನ್ನು ಅಂತ ಅಪ್ಪ. ಏನೇ ಕೇಳಿದರೂ ಇಲ್ಲ ಅನ್ನು ಅಂತ ನಮ್ಮ ಪಕ್ಕದ ಮನೆಯವರು. (ಅವರನ್ನು ಯಾರೂ ಕೇಳಿರಲಿಲ್ಲ.) ನನ್ನ ಕಡೆ ನೋಡುತ್ತಿರು, ನಾನು ಕೇಳಿದಾಗ ಮಾತ್ರ ಮಾತಾಡು ಅಂತ ವಕೀಲರು. ಬೆಳಿಗ್ಗೆ ರೈಲಿನಲ್ಲಿ ಅವನು ನನ್ನ ಕಿವಿಯ ಹತ್ತಿರ ಬಂದು ಕೇಳಿದ.

‘ನಾನು ತಗಂಡಿದ್ದು ನಿಜ ಅತ್ತೆ. ಕದ್ದಿದ್ದು ನಿಜ ಅಲ್ಲ. ಎರಡೂ ಹೇಳ್ಬೋದಾ?’

ಎರಡೂ ಹೇಳು ಅಂದೆ. ಅದು ಕಾನೂನಿಗೆ ಸರಿಯೋ ತಪ್ಪೋ ನನಗೆ ತಿಳಿಯದು. ನಮ್ಮ ಮನೆಗೆ ಬಂದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಹೂಂ ಅನ್ನದೆ ಇರಲು ನನಗೆ ಆಗಲಿಲ್ಲ.

ನಮ್ಮ ಹೆಸರು ಕೂಗುವ ಹೊತ್ತಿಗೆ ವೀರಭದ್ರಯ್ಯ ಬಂದರು. ಇಸ್ತ್ರಿ ಶರ್ಟು, ಹಣೆಯಲ್ಲಿ ವಿಭೂತಿ. ನಮ್ಮ ಕಡೆ ನೋಡಲಿಲ್ಲ. ಸೀದಾ ವಕೀಲರ ಹತ್ತಿರ ಹೋಗಿ, ರಾಜಿಗೆ ನಾನು ಎಲ್ಲಿ ಸೈನ್ ಮಾಡಬೇಕು ಅಂತ ಕೇಳಿದರು.

ಜಡ್ಜು ಸುಮ್ಮನೆ ಬಿಡಲಿಲ್ಲ. ಹುಡುಗನನ್ನು ಕರೆದು ವಿಚಾರಿಸಿದರು. ಅವನು ಎರಡೂ ಹೇಳಿದ. ಆಮೇಲೆ ವೀರಭದ್ರಯ್ಯನವರನ್ನು, ಯಾರಾದರೂ ಒತ್ತಾಯ ಮಾಡಿ ರಾಜಿ ಮಾಡಿಸುತ್ತಿದ್ದಾರೆಯೇ ಅಂತ ಕೇಳಿದರು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

‘ಇಲ್ಲ ಸ್ವಾಮಿ. ಅವರೂರಲ್ಲಿ ನಾನೂ ಒಬ್ಬರ ಸೈಕಲ್ಲನ್ನ ಕೇಳದೆ ತಗೊಂಡೆ. ಅವರು ಬ್ರೇಕ್ ಇಲ್ಲ ಹುಷಾರು ಅಂದ್ರು. ನಾನು ಪೊಲೀಸ್ ಕರೆದಿದ್ದೆ.’

ಜಡ್ಜು ಕಾಗದ ನೋಡಿ ಅನುಮತಿ ಕೊಟ್ಟರು. ಕೇಸು ಮುಗಿಯಿತು. ಹುಡುಗನಿಗೆ, ಊರಿಗೊಂದು ಥರ ಇರುತ್ತದಪ್ಪ, ಕೇಳಿ ತಗೋ, ಚೆನ್ನಾಗಿ ಓದಿಕೋ ಅಂದರು. ನಮ್ಮಣ್ಣ ಹೊರಗೆ ಬಂದು ಮರಕ್ಕೆ ಒರಗಿಕೊಂಡು ಮಗುವಿನ ಹಾಗೆ ಅತ್ತ. ವೀರಭದ್ರಯ್ಯ ಅವನ ಹೆಗಲು ಹಿಡಿದುಕೊಂಡು, ‘ಏಳಿ, ಏಳಿ ನಂಜಪ್ಪನೋರೆ’ ಅಂದರು. ಅಣ್ಣ ಬಿದ್ದಿರಲಿಲ್ಲ. ಆದರೂ ಅವನಿಗೆ ಆ ಮಾತು ಬೇಕಾಗಿತ್ತು.

ಇಲ್ಲಿಗೆ ಮುಗಿಸಿದರೆ ನೀವು ಸಂತೋಷವಾಗಿ ಪುಟ ತಿರುಗಿಸುತ್ತೀರಿ. ಆದರೆ ಕೇಸು ಮುಗಿದರೂ ಹುಡುಗನೊಳಗೆ ಅದು ಮುಗಿದಿರಲಿಲ್ಲ. ಊರಿಗೆ ವಾಪಸ್ ಹೋದವನು ದಿನಾ ಗೇಟಿಗೆ ಎರಡು ಮೈಲಿ ನಡೆಯುತ್ತಿದ್ದಾನೆ, ಸೈಕಲ್ ಮುಟ್ಟುವುದಿಲ್ಲ ಅಂತ ಅತ್ತಿಗೆ ಹೇಳಿ ಕಳಿಸಿದಳು. ಅವರದೇ ಮನೆಯ ಸೈಕಲ್ಲನ್ನೂ ಮುಟ್ಟುವುದಿಲ್ಲವಂತೆ. ಯಾರಾದರೂ ಹತ್ತೋ ಅಂದರೆ, ಬ್ಯಾಡ ಬುಡು, ನಡ್ಕಂಡೇ ಬತ್ತೀನಿ ಅನ್ನುತ್ತಾನಂತೆ. ಕೋರ್ಟಿಗೆ ಅಷ್ಟು ಅಲೆದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ನಾವು ಹುಡುಗನನ್ನು ಕಳ್ಳನಲ್ಲ ಅಂತ ಬಿಡಿಸಿಕೊಂಡು ಬಂದಿದ್ದೆವು. ಅವನಿಗೆ ಮಾತ್ರ ಅದು ಇನ್ನೂ ನಂಬಿಕೆಯಾಗಿರಲಿಲ್ಲ.

ಯಾರೂ ಏನೂ ಹೇಳಬೇಡಿ ಅಂತ ತಿಳಿಸಿದೆ. ನಾನೂ ಏನೂ ಹೇಳಲಿಲ್ಲ. (ನನಗೆ ಇದು ಎಷ್ಟು ಕಷ್ಟ ಅಂತ ಊಹಿಸಿಕೊಳ್ಳಿ.)

ಮೊನ್ನೆ ಭಾನುವಾರ ಊರಿಗೆ ಹೊರಟೆ. ಬರುತ್ತೇನೆ ಅಂತ ಕಾರ್ಡು ಹಾಕಿದ್ದೆ. ಬಸ್ಸಿಳಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಚೀಲ ಕೆಳಗಿಟ್ಟು ಕೂತೆ. ಮಣ್ಣು ರಸ್ತೆಯ ತುದಿಯಲ್ಲಿ ಒಂದು ಸೈಕಲ್ಲು ಕಾಣಿಸಿತು. ಲೋಕೇಶ. ಯಾರೋ ಕುಳ್ಳಗಿರುವವರ ಸೈಕಲ್ಲು. ಸೀಟು ತಗ್ಗಿತ್ತು, ಇವನ ಉದ್ದನೆಯ ಕಾಲುಗಳ ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಅತ್ತೆ, ಲೇಟಾಯ್ತಾ ಅಂತ ನಗುತ್ತಾ ನನ್ನ ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡ. ಕ್ಯಾರಿಯರ್ ಮೇಲೆ ಕೂತೆ. ದಾರಿಯುದ್ದಕ್ಕೂ ಕಾಲೇಜಿನ ಸುದ್ದಿ ಹೇಳಿದ, ನಾನು ಹೂಂ ಹೂಂ ಅಂದೆ.

ಆ ಸೈಕಲ್ಲು ಯಾರದು ಅಂತ ನಾನು ಕೇಳಲಿಲ್ಲ. ನೀವಾಗಿದ್ದರೆ ಕೇಳುತ್ತಿದ್ದಿರಾ?